ಮಾಳಿಗೆಯ ಮೇಲೆ ಗುಸಲ್‌ಖಾನೆ: ಟೈಲ್ಸ್‌ಗಿಂತ ಮೊದಲು ಜಂತಿ ನೋಡಿ

ಬೀದರ್‌ನ ಹಳೇ ಊರಿನಲ್ಲಿ, ಭಾಲ್ಕಿ ಮತ್ತು ಔರಾದ್‌ನ ಹಳೆಯ ಗಲ್ಲಿಗಳಲ್ಲಿ ತೊಲೆ-ಜಂತಿಯ ಮನೆಗಳು ಇನ್ನೂ ಉಳಿದಿವೆ. ದಪ್ಪ ಗೋಡೆ, ಗೋಡೆಯ ಮೇಲೆ ಮರದ ತೊಲೆ, ತೊಲೆಯ ಮೇಲೆ ಜಂತಿ, ಜಂತಿಯ ಮೇಲೆ ಹಲಗೆ. ಕೆಲವು ಮನೆಗಳಲ್ಲಿ ಹಲಗೆಯೇ ಮೇಲಿನ ಕೋಣೆಯ ನೆಲ. ಇನ್ನು ಕೆಲವದರಲ್ಲಿ ಹಲಗೆಯ ಮೇಲೆ ಮಣ್ಣು ಬಡಿದು ಫರ್ಸಿ ಹಾಸಿರುತ್ತಾರೆ. ಮನೆಯಲ್ಲಿ ಮಗನ ಮದುವೆಯಾದಾಗ ಮೇಲಿನ ಕೋಣೆ ಹೊಸ ದಂಪತಿಗೆ ಹೋಗುತ್ತದೆ. ಅದರ ಹಿಂದೆಯೇ ಇನ್ನೊಂದು ಬೇಡಿಕೆ ಬರುತ್ತದೆ: ಅಲ್ಲೇ ಒಂದು ಸ್ನಾನದ ಜಾಗ ಬೇಕು.

ಈಚೆಗೆ ಈ ಬೇಡಿಕೆಗೆ ಅಂಗಡಿಯಲ್ಲಿ ಒಂದು ಸಿದ್ಧ ಉತ್ತರವೂ ಸಿಗುತ್ತಿದೆ. ಅದರ ಹೆಸರು ಶವರ್ ಟ್ರೇ. ಫೈಬರ್ ಅಥವಾ ಅಕ್ರಿಲಿಕ್‌ನಲ್ಲಿ ಎರಕ ಹೊಯ್ದ, ಅಂಚು ಎತ್ತರವಿರುವ, ನಡುವೆ ನೀರು ಹೋಗುವ ತೂತಿರುವ ದೊಡ್ಡ ತಟ್ಟೆ ಅದು. ತಂದಿಟ್ಟು ಪೈಪು ಜೋಡಿಸಿದರೆ ಬಚ್ಚಲು ತಯಾರು ಎಂದು ಮಾರುವವರು ಹೇಳುತ್ತಾರೆ. ಕಾಂಕ್ರೀಟ್ ನೆಲದ ಮೇಲೆ ಆ ಮಾತು ಬಹುಪಾಲು ನಿಜ. ಮರದ ನೆಲದ ಮೇಲೆ ಅದು ಅರ್ಧ ಸತ್ಯ. ಉಳಿದರ್ಧವನ್ನು ಹೇಳುವುದಕ್ಕಾಗಿ ಈ ಬರಹ.

ಯುನಾನಿ ವೈದ್ಯರಿಗೆ ಗೌಂಡಿಯ ಕೆಲಸದಲ್ಲಿ ಏನು ಅಧಿಕಾರ ಎಂದು ಯಾರಾದರೂ ಕೇಳಬಹುದು. ನಮ್ಮ ವೈದ್ಯಶಾಸ್ತ್ರ ಆರೋಗ್ಯಕ್ಕೆ ಅತ್ಯಗತ್ಯವೆಂದು ಹೇಳುವ ಆರು ಸಂಗತಿಗಳಿವೆ, ಅಸ್ಬಾಬೆ ಸಿತ್ತಾ ಝರೂರಿಯಾ. ಅವುಗಳಲ್ಲಿ ಮೊದಲನೆಯದು ನಾವು ಉಸಿರಾಡುವ ಹವೆ. ಔಷಧ, ಆಹಾರ ಎಲ್ಲ ಅದರ ನಂತರ. ಬುಕ್ರಾತ್, ಅಂದರೆ ಹಿಪ್ಪೊಕ್ರೇಟ್ಸ್, ಹವೆ, ನೀರು ಮತ್ತು ನೆಲೆಯ ಬಗ್ಗೆ ಒಂದು ಗ್ರಂಥವನ್ನೇ ಬರೆದವರು. ಮನೆಯ ತೇವ ಮೈಯ ತೇವವಾಗುತ್ತದೆ ಎಂಬುದು ಹಕೀಮರ ಹಳೆಯ ತಿಳಿವಳಿಕೆ. ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲಿ ಮನೆಯೊಳಗಿನ ತೇವ ಮತ್ತು ಬೂಷ್ಟಿನ ಬಗ್ಗೆಯೇ ಮಾರ್ಗಸೂಚಿ ಹೊರಡಿಸಿದೆ. ಅಂಥ ಮನೆಗಳಲ್ಲಿ ಇರುವವರಿಗೆ ಕೆಮ್ಮು, ದಮ್ಮು, ಅಸ್ತಮಾ ಹೆಚ್ಚು ಎಂದು ಅದು ಹೇಳುತ್ತದೆ. ದಮ್ಮಿನ ರೋಗಿಗೆ ಜೋಶಾಂದಾ ಬರೆದುಕೊಟ್ಟು ಅವರು ಮಲಗುವ ಕೋಣೆಯ ಸೂರು ಸೋರುತ್ತಿದೆಯೇ ಎಂದು ಕೇಳದಿದ್ದರೆ ಚಿಕಿತ್ಸೆ ಪೂರ್ತಿಯಾಗುವುದಿಲ್ಲ.

ಇದು ಶೋಕಿಯಲ್ಲ, ಅಗತ್ಯ

ಮೊದಲು ಒಂದು ಮಾತು ಸ್ಪಷ್ಟವಾಗಲಿ. ಮಾಳಿಗೆಯ ಮೇಲೆ ಸ್ನಾನದ ಜಾಗ ಕೇಳುವುದು ಶೋಕಿ ಎಂದು ಹಿರಿಯರು ಬೈಯುವುದನ್ನು ಕೇಳಿದ್ದೇನೆ. ನಾನು ಅದನ್ನು ಒಪ್ಪುವುದಿಲ್ಲ.

ಫಜ್ರ್‌ಗೆ ಮುಂಚೆ ಗುಸ್ಲ್ ಮಾಡಬೇಕಾದ ಹೊಸ ಸೊಸೆಯ ಸ್ಥಿತಿಯನ್ನು ಯೋಚಿಸಿ. ಕಡಿದಾದ ಮರದ ಮೆಟ್ಟಿಲು ಇಳಿಯಬೇಕು. ಮಾವ, ಮೈದುನರು ಮಲಗಿರುವ ಪಡಸಾಲೆ ದಾಟಬೇಕು. ಅಂಗಳದ ಬಚ್ಚಲಿಗೆ ಹೋಗಿ ನೀರು ಕಾಯಿಸಬೇಕು. ಹಯಾ ಎಂಬುದು ಈಮಾನಿನ ಭಾಗವೆಂದು ನಾವೇ ಕಲಿಸುತ್ತೇವೆ. ಆಮೇಲೆ ನಾಚಿಕೆಯಿಂದ ಆಕೆ ಸ್ನಾನ ಮುಂದೂಡಿದರೆ, ನಮಾಝ್ ತಪ್ಪಿದರೆ, ಮೂತ್ರ ತಡೆದುಕೊಂಡು ಉರಿಮೂತ್ರ ತಂದುಕೊಂಡರೆ ಆಕೆಯನ್ನೇ ದೂರುತ್ತೇವೆ. ಬೀದರ್‌ನ ಚಳಿ ನಮಗೆಲ್ಲ ಗೊತ್ತು. ಪುಷ್ಯ ಮಾಘದ ಬೆಳಗಿನಲ್ಲಿ ಒದ್ದೆ ತಲೆಯಲ್ಲಿ ಅಂಗಳ ದಾಟಿ ಮೇಲೆ ಹತ್ತುವುದು ಬಾಣಂತಿಗೂ ಎಳೆಕೂಸಿಗೂ ಒಳ್ಳೆಯದಲ್ಲ.

ಆದ್ದರಿಂದ ಮೇಲೆ ಗುಸಲ್‌ಖಾನೆ ಇರಲಿ. ಆದರೆ ಅದನ್ನು ಕಟ್ಟುವ ರೀತಿ ಸರಿಯಿರಲಿ. ನಮ್ಮಲ್ಲಿ ತಪ್ಪುತ್ತಿರುವುದು ಅಲ್ಲೇ.

ಸಿಮೆಂಟಿನ ಮೋರಿ ಯಾಕೆ ಬೇಡ

ಸಾಮಾನ್ಯವಾಗಿ ಏನು ಮಾಡುತ್ತಾರೆ? ಮೂಲೆಯ ಹಲಗೆಯ ಮೇಲೆ ಪ್ಲಾಸ್ಟಿಕ್ ಹಾಳೆ ಹಾಸಿ, ಸಿಮೆಂಟ್ ಕಾಂಕ್ರೀಟ್ ಹಾಕಿ, ಸುತ್ತ ಇಟ್ಟಿಗೆ ಕಟ್ಟಿ, ಶಹಾಬಾದ್ ಕಲ್ಲು ಅಥವಾ ಟೈಲ್ಸ್ ಕೂರಿಸುತ್ತಾರೆ. ನೋಡಲು ಗಟ್ಟಿ. ಆದರೆ ಲೆಕ್ಕ ಹಾಕಿ. ಒಂದು ಘನ ಮೀಟರ್ ಕಾಂಕ್ರೀಟ್ ಸುಮಾರು 2,400 ಕೆಜಿ. ಒಂದು ಮೀಟರ್ ಉದ್ದ, ಒಂದು ಮೀಟರ್ ಅಗಲ, 10 ಸೆಂಟಿಮೀಟರ್ ದಪ್ಪದ ಮೋರಿ 240 ಕೆಜಿ ತೂಗುತ್ತದೆ. ಅದರ ಪಕ್ಕದಲ್ಲಿ ನಾಲ್ಕು ಇಂಚಿನ ಇಟ್ಟಿಗೆ ಗೋಡೆ ಎರಡು ಮೀಟರ್ ಎತ್ತರ ಎದ್ದರೆ, ಪ್ರತಿ ಮೀಟರ್ ಉದ್ದಕ್ಕೆ ಇನ್ನೊಂದು 380 ಕೆಜಿ ಆಸುಪಾಸು. ಜೊತೆಗೆ 200 ಲೀಟರ್‌ನ ನೀರಿನ ಡ್ರಮ್ ಇಟ್ಟರೆ ಮತ್ತೆ 200 ಕೆಜಿ. ತಾತನ ಕಾಲದಲ್ಲಿ ಜೋಳದ ಚೀಲ, ಹಾಸಿಗೆ, ನಾಲ್ಕು ಜನರ ಭಾರಕ್ಕೆಂದು ಇಟ್ಟ ಜಂತಿಯ ಮೇಲೆ ನಾವು ಇಷ್ಟನ್ನು ಒಂದೇ ಮೂಲೆಯಲ್ಲಿ ಹೇರುತ್ತೇವೆ.

ಎರಡನೆಯ ದೋಷ ಇನ್ನೂ ದೊಡ್ಡದು. ಮರ ಸುಮ್ಮನೆ ಕೂರುವ ವಸ್ತುವಲ್ಲ. ಮಳೆಗಾಲದಲ್ಲಿ ಹಿಗ್ಗುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ, ನಡೆದಾಗ ಬಾಗುತ್ತದೆ. ಸಿಮೆಂಟಿಗೆ ಬಾಗುವುದು ಗೊತ್ತಿಲ್ಲ, ಬಿರಿಯುವುದು ಮಾತ್ರ ಗೊತ್ತು. ಟೈಲ್ಸ್‌ನ ಸಂದಿಯಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟರೂ ಸಾಕು. ದಿನಕ್ಕೆ ಐದು ಸಲ ವುಝೂ, ಮೇಲೆ ಎಲ್ಲರ ಸ್ನಾನ. ನಮ್ಮ ಮನೆಗಳ ಬಚ್ಚಲಿಗೆ ಒಣಗಲು ಸಮಯವೇ ಸಿಗುವುದಿಲ್ಲ. ಮರದ ತೇವಾಂಶ ಸುಮಾರು 20 ಪ್ರತಿಶತ ದಾಟಿ ನಿಂತರೆ ಕೊಳೆ ಬೂಷ್ಟಿಗೆ ದಾರಿ ಸಿಕ್ಕಂತೆ. ಗೆದ್ದಲೂ ತೇವವನ್ನೇ ಹುಡುಕಿಕೊಂಡು ಬರುತ್ತದೆ. ಮೇಲೆ ಟೈಲ್ಸ್ ಹೊಳೆಯುತ್ತಿರುತ್ತದೆ, ಕೆಳಗೆ ಜಂತಿ ಹಿಟ್ಟಾಗುತ್ತಿರುತ್ತದೆ.

ಮರ ದುರ್ಬಲ ವಸ್ತು ಎಂದು ಇದರ ಅರ್ಥವಲ್ಲ. ನಮ್ಮ ಕೋಟೆಯ ರಂಗೀನ್ ಮಹಲ್‌ಗೆ ಹೋಗಿ ನೋಡಿ. ಅಲಿ ಬರೀದ್ ಶಾಹ್ 1542ರಿಂದ 1580ರವರೆಗೆ ಆಳಿದ ಕಾಲದ ಕೆತ್ತನೆಯ ಮರದ ಕಂಬಗಳು ಇಂದಿಗೂ ನಿಂತಿವೆ. ಅದೇ ಕೋಟೆಯಲ್ಲಿ ಇಂದು ವಸ್ತುಸಂಗ್ರಹಾಲಯ ಇರುವ ಕಟ್ಟಡ ಹಿಂದೆ ಶಾಹಿ ಹಮಾಮ್ ಆಗಿತ್ತು. ಅದು ನೆಲದ ಮೇಲೆ ಕಲ್ಲುಗಾರೆಯಲ್ಲಿ ಕಟ್ಟಿದ ಕಟ್ಟಡ. ಮಹ್ಮೂದ್ ಗವಾನ್ 1472ರಲ್ಲಿ ಕಟ್ಟಿಸಿದ ಮದ್ರಸದ ಮಿನಾರಿನ ಬುನಾದಿಯಲ್ಲಿ ತೇವ ಏರದಂತೆ ಸೀಸದ ಹಾಳೆಗಳನ್ನು ಹಾಸಿದ್ದರೆಂದು ಬೀದರ್‌ನ ಇತಿಹಾಸ ಬರೆದವರು ಹೇಳುತ್ತಾರೆ. ನೀರಿಗೆ ಕಲ್ಲುಗಾರೆಯ ಜಾಗ, ಮರಕ್ಕೆ ಒಣ ಜಾಗ, ಎರಡರ ನಡುವೆ ತಡೆ: ಹಿಂದಿನವರು ಪಾಲಿಸಿದ ನಿಯಮ ಇಷ್ಟೇ. ಮರದ ಮೇಲೆಯೇ ನೀರು ಸುರಿಯುವ ಅನಿವಾರ್ಯತೆ ನಮ್ಮದಾದ್ದರಿಂದ ಆ ನಡುವಿನ ತಡೆಯನ್ನು ನಾವು ಇನ್ನೂ ಗಟ್ಟಿ ಮಾಡಬೇಕು.

ಶವರ್ ಟ್ರೇಯ ಪರವಾಗಿ ನಾನು ಹೇಳುವುದು ಇದಕ್ಕೇ. ಅದು ಒಂದೇ ತುಂಡು, ಒಳಗೆ ಸಂದಿಯಿಲ್ಲ. ಅಕ್ರಿಲಿಕ್ ಟ್ರೇಯನ್ನು ಇಬ್ಬರು ಸುಲಭವಾಗಿ ಎತ್ತಬಹುದು. ನೆಲ ಸ್ವಲ್ಪ ಅಲುಗಿದರೂ ಅದು ಸಿಮೆಂಟಿನಂತೆ ಬಿರಿಯುವುದಿಲ್ಲ. ಆದರೆ ಅದರ ಕೆಳಗಿನ ಕೆಲಸ ಸರಿಯಾಗಿದ್ದರೆ ಮಾತ್ರ.

ಟ್ರೇಯ ಕೆಳಗೆ ಏನಿರಬೇಕು

ಮೊದಲು ಕೆಳಗಿನ ಕೋಣೆಯಿಂದ ಜಂತಿಯನ್ನು ನೋಡಿ. ಸ್ಕ್ರೂಡ್ರೈವರ್‌ನಿಂದ ಚುಚ್ಚಿದರೆ ಮೆತ್ತಗೆ ಒಳಗೆ ಹೋಗುತ್ತಿದೆಯೇ? ಗೋಡೆಯೊಳಗೆ ಕೂತಿರುವ ತುದಿ ಕಪ್ಪಾಗಿದೆಯೇ? ನಡೆದಾಗ ನೆಲ ಜೋಲಾಡುತ್ತಿದೆಯೇ? ಗೆದ್ದಲಿನ ಮಣ್ಣಿನ ಗೆರೆ ಇದೆಯೇ? ಒಂದಕ್ಕೆ ಹೌದು ಎಂಬ ಉತ್ತರ ಬಂದರೂ ಕೆಲಸ ನಿಲ್ಲಿಸಿ. ಒಬ್ಬ ಇಂಜಿನಿಯರ್‌ಗೋ ಅನುಭವಿ ಬಡಗಿಗೋ ತೋರಿಸಿ, ಜಂತಿ ಬದಲಿಸಿ ಅಥವಾ ಪಕ್ಕಕ್ಕೆ ಇನ್ನೊಂದು ಜಂತಿ ಕಟ್ಟಿಸಿ. ಟ್ರೇಯ ಬೆಲೆ ಕೇಳುವುದು ಆಮೇಲೆ.

ಎರಡನೆಯದು, ಗಟ್ಟಿ ಮತ್ತು ಸಮತಟ್ಟಾದ ಹಾಸು. ಹಲಗೆಯ ಮೇಲೆ ಮಣ್ಣಿನ ಪದರವಿದ್ದರೆ ಟ್ರೇ ಬರುವಷ್ಟು ಜಾಗದಲ್ಲಿ ಅದನ್ನು ಪೂರ್ತಿ ತೆಗೆಯಿರಿ, ಏಕೆಂದರೆ ಮಣ್ಣು ಸೋರಿಕೆಯನ್ನು ತಿಂಗಳುಗಟ್ಟಲೆ ಬಚ್ಚಿಡುತ್ತದೆ. ಜಂತಿಗೆ ಹೊಂದಿಸಿ 18 ಮಿಲಿಮೀಟರ್ ದಪ್ಪದ, ಐಎಸ್ 710 ಮುದ್ರೆಯಿರುವ ಮರೈನ್ ಪ್ಲೈವುಡ್ ಹಾಳೆಯನ್ನು ಮೊಳೆಯಲ್ಲಲ್ಲ, ಸ್ಕ್ರೂನಲ್ಲಿ ಬಿಗಿಸಿ. ಅಗ್ಗದ ಪ್ಲೈವುಡ್ ಒಂದೇ ಮಳೆಗಾಲಕ್ಕೆ ಉಬ್ಬುತ್ತದೆ. ಪ್ಲೈವುಡ್‌ನ ಕತ್ತರಿಸಿದ ಅಂಚುಗಳಿಗೂ ಮೇಲ್ಮೈಗೂ ವಾಟರ್‌ಪ್ರೂಫ್ ಲೇಪ ಬಳಿಸಿ, ಗೋಡೆಯ ಮೇಲೂ ಒಂದು ಗೇಣು ಏರಿಸಿ. ಟ್ರೇಯ ತಳ ಪೂರ್ತಿ ಆಸರೆಯ ಮೇಲೆ ಕೂರಬೇಕು. ಕಾಲಿಟ್ಟಾಗ ಟೊಳ್ಳು ಸದ್ದು ಬಂದರೆ, ನಡುಭಾಗ ಕುಗ್ಗಿದರೆ, ಕೆಲವೇ ತಿಂಗಳಲ್ಲಿ ಅಂಚಿನ ಬಂಧ ಬಿಟ್ಟು ನೀರು ಇಳಿಯುತ್ತದೆ.

ಮೂರನೆಯದು ಪೈಪು. ಹೆಚ್ಚಿನ ಮನೆಗಳಲ್ಲಿ ಹಾಳಾಗುವುದು ಇಲ್ಲೇ. ನೀರು ತಾನಾಗಿ ಹರಿಯಲು ಪ್ರತಿ ಮೀಟರ್‌ಗೆ ಸುಮಾರು 2.5 ಸೆಂಟಿಮೀಟರ್ ಇಳಿಜಾರು ಬೇಕು. ಆ ಇಳಿಜಾರಿಗಾಗಿ ಪ್ಲಂಬರ್ ಜಂತಿಯಲ್ಲಿ ಗಾಡಿ ಕೊರೆಯಲು ಹೊರಟರೆ ಕೈ ಹಿಡಿದು ನಿಲ್ಲಿಸಿ. ಅರ್ಧ ಕೊರೆದ ಜಂತಿ ಇದ್ದೂ ಇಲ್ಲದಂತೆ. ಪೈಪು ಎರಡು ಜಂತಿಗಳ ನಡುವೆ, ಜಂತಿಯ ಉದ್ದಕ್ಕೇ ಸಾಗಲಿ. ಅದು ಆಗದಿದ್ದರೆ ಟ್ರೇಯನ್ನೇ ಒಂದು ಚೌಕಟ್ಟಿನ ಮೇಲೆ ಎತ್ತಿ ಪೈಪನ್ನು ನೆಲದ ಮೇಲಿಂದಲೇ ಹೊರಗೋಡೆಗೆ ಒಯ್ಯಲಿ. ಟ್ರೇಯನ್ನು ಹೊರಗೋಡೆಗೆ ಹತ್ತಿರ ಇಟ್ಟಷ್ಟೂ ಕೆಲಸ ಹಗುರ. ವಾಸನೆ, ಜಿರಳೆ ಮೇಲೆ ಬರದಂತೆ ತಡೆಯುವ ಟ್ರ್ಯಾಪ್ ಇರಲೇಬೇಕು. ಅದನ್ನು ಬಿಚ್ಚಿ ಕೂದಲು ತೆಗೆಯಲು ಕೈ ಹೋಗುವಷ್ಟು ಒಂದು ಕಿಂಡಿಯನ್ನೂ ಬಿಡಿಸಿ.

ನಾಲ್ಕನೆಯದು ಗೋಡೆಯ ಸಂದಿ. ಟ್ರೇಯ ಅಂಚು ಗೋಡೆ ಸೇರುವಲ್ಲಿ ಬಿಳಿ ಸಿಮೆಂಟ್ ತುಂಬಬೇಡಿ. ರಬ್ಬರಿನಂತೆ ಹಿಗ್ಗುವ ಸಿಲಿಕೋನ್ ತುಂಬಿಸಿ. ಅದು ಹಿಡಿದುಕೊಂಡು ಒಣಗುವ ತನಕ ನೀರು ಮುಟ್ಟಿಸಬೇಡಿ. ಸುತ್ತ ಮರೆಗೆ ಇಟ್ಟಿಗೆಯ ಬದಲು ಪಿವಿಸಿ ಹಲಗೆ ಅಥವಾ ಸಿಮೆಂಟ್ ಬೋರ್ಡ್ ಸಾಕು.

ಕೊನೆಗೆ ಪರೀಕ್ಷೆ. ತೂತು ಮುಚ್ಚಿ ಟ್ರೇ ತುಂಬ ನೀರು ನಿಲ್ಲಿಸಿ, ಮಟ್ಟಕ್ಕೆ ಪೆನ್ಸಿಲ್ ಗುರುತು ಹಾಕಿ, 24 ಗಂಟೆ ಬಿಡಿ. ಮರುದಿನ ಒಮ್ಮೆಲೇ ನೀರು ಬಿಟ್ಟು, ಕೆಳಗಿನ ಕೋಣೆಯಲ್ಲಿ ನಿಂತು ಪೈಪಿನ ಪ್ರತಿ ಕೀಲನ್ನೂ ಒಣ ಬಟ್ಟೆಯಿಂದ ಮುಟ್ಟಿ ನೋಡಿ. ಈ ಪರೀಕ್ಷೆ ಆಗುವವರೆಗೆ ಮಿಸ್ತ್ರಿಗೆ ಪೂರ್ತಿ ಹಣ ಕೊಡಬೇಡಿ. ಇದರಲ್ಲಿ ಮುಜುಗರಪಡುವಂಥದ್ದೇನೂ ಇಲ್ಲ.

ಬೀದರ್ ನಗರದ ಕೆಮ್ಮಣ್ಣು, ಜಂಬಿಟ್ಟಿಗೆ ಕಲ್ಲಿನ ನೆಲಕ್ಕೂ ಭಾಲ್ಕಿ, ಔರಾದ್‌ನ ಎರೆ ಭೂಮಿಗೂ ವ್ಯತ್ಯಾಸವಿದೆ. ಎರೆ ಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ. ಮೇಲಿನ ಬಚ್ಚಲಿನ ಪೈಪನ್ನು ಅರ್ಧಕ್ಕೇ ಬಿಟ್ಟು ನೀರು ಗೋಡೆಯ ಬುಡಕ್ಕೆ ಬೀಳುವಂತೆ ಮಾಡಿದರೆ ಅಲ್ಲಿ ಬುನಾದಿಯೇ ಅಲುಗುತ್ತದೆ. ಮಣ್ಣಿನ ಗೋಡೆಯಾದರೆ ಬುಡ ಕರಗುತ್ತದೆ. ಪೈಪು ನೆಲದವರೆಗೆ ಇಳಿದು, ಚರಂಡಿ ಮುಟ್ಟಿಯೇ ಮುಗಿಯಬೇಕು.

ಪ್ರಾಣಕ್ಕೆ ಸಂಬಂಧಿಸಿದ ಮಾತು

ಗ್ಯಾಸ್ ಗೀಸರ್ ಅನ್ನು ಈ ಇಕ್ಕಟ್ಟಿನ ಗುಸಲ್‌ಖಾನೆಯೊಳಗೆ ಎಂದಿಗೂ ಹಾಕಬೇಡಿ. ಮುಚ್ಚಿದ ಜಾಗದಲ್ಲಿ ಅದರ ಉರಿ ಆಮ್ಲಜನಕವನ್ನು ತಿಂದು ಕಾರ್ಬನ್ ಮೊನಾಕ್ಸೈಡ್ ಬಿಡುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ತಲೆನೋವು, ವಾಕರಿಕೆ, ಆಮೇಲೆ ಪ್ರಜ್ಞೆ ತಪ್ಪುವುದು. ಒಳಗಿನಿಂದ ಚಿಲಕ ಹಾಕಿಕೊಂಡವರಿಗೆ ಬಾಗಿಲು ತೆರೆಯಲೂ ಆಗುವುದಿಲ್ಲ. ಗೀಸರ್ ಹೊರಗೆ, ಗಾಳಿಯಾಡುವಲ್ಲಿ ಇರಲಿ, ಬಿಸಿನೀರು ಮಾತ್ರ ಒಳಗೆ ಬರಲಿ. ವಿದ್ಯುತ್ ಗೀಸರ್ ಆದರೆ ಅರ್ಥಿಂಗ್ ಮತ್ತು 30 ಮಿಲಿ ಆಂಪಿಯರ್‌ಗೆ ಕಡಿತಗೊಳಿಸುವ ಆರ್‌ಸಿಸಿಬಿ ಕಡ್ಡಾಯ. ಒದ್ದೆ ಮರದ ಮೇಲೆ ನಿಂತವರಿಗೆ ಶಾಕ್ ಹೊಡೆಯುವುದಿಲ್ಲ ಎಂಬುದು ಭ್ರಮೆ.

ಇನ್ನೊಂದು, ಬೀಳುವುದು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 6,84,000 ಜನ ಬಿದ್ದು ಸಾಯುತ್ತಾರೆ. ಅವರಲ್ಲಿ 60 ದಾಟಿದವರೇ ಹೆಚ್ಚು. ಟ್ರೇಯ ಅಂಚು ನೆಲಕ್ಕಿಂತ ಎತ್ತರ, ಒಳಗೆ ಸಾಬೂನಿನ ಜಾರು. ಆದ್ದರಿಂದ ನನ್ನ ಅಭಿಪ್ರಾಯ ಖಚಿತ: ದಾದಿಮಾ, ದಾದಾಜಿಯವರ ಸ್ನಾನ ಕೆಳಗೇ ಇರಲಿ, ಮೆಟ್ಟಿಲಿಲ್ಲದ ಜಾಗದಲ್ಲಿ. ಮೇಲಿನದು ಯುವಕರಿಗೆ. ಅವರಿಗೂ ತಳ ಒರಟಾಗಿರುವ ಟ್ರೇ ಆರಿಸಿ, ಚೌಕಟ್ಟಿನ ಮೇಲೆ ಎತ್ತಿದ್ದರೆ ಅಗಲವಾದ ಒಂದು ಮೆಟ್ಟಿಲು ಇಡಿ, ಜಂತಿಯಷ್ಟೇ ಗಟ್ಟಿಯಾದ ಮರಕ್ಕೆ ಬಿಗಿದ ಒಂದು ಹಿಡಿಸರಳು ಹಾಕಿಸಿ. ಗರ್ಭಿಣಿಯರು ಕುಳಿತು ಸ್ನಾನ ಮಾಡಲು ಒಂದು ಸ್ಟೂಲ್ ಇರಲಿ.

ಸ್ನಾನವಾದ ಮೇಲೆ ಟ್ರೇಯನ್ನು ವೈಪರ್‌ನಿಂದ ಎಳೆದು, ಕಿಟಕಿ ತೆರೆದಿಡಿ. ಕಿಟಕಿಯೇ ಇಲ್ಲದಿದ್ದರೆ ಎಕ್ಸಾಸ್ಟ್ ಫ್ಯಾನ್ ಇಲ್ಲದೆ ಈ ಕೆಲಸಕ್ಕೆ ಕೈಹಾಕಬೇಡಿ. ಸಕ್ಕರೆ ಕಾಯಿಲೆ ಇರುವವರು ವುಝೂ ಆದೊಡನೆ ಕಾಲ್ಬೆರಳ ಸಂದಿ ಒರೆಸಿಕೊಳ್ಳಬೇಕು, ಅಲ್ಲಿನ ಒಂದು ಸಣ್ಣ ಬಿರುಕು ದೊಡ್ಡ ಹುಣ್ಣಾಗಬಲ್ಲದು. ಬಕೆಟ್‌ನಲ್ಲಿ ವಾರಗಟ್ಟಲೆ ನೀರು ನಿಂತರೆ ಡೆಂಗಿ ಸೊಳ್ಳೆಗೆ ಅಷ್ಟೇ ಸಾಕು. ಬೋರಿನ ಗಡಸು ನೀರಿನ ಬಿಳಿ ಕಲೆ ತೆಗೆಯಲು ಆ್ಯಸಿಡ್ ಮತ್ತು ಬ್ಲೀಚಿಂಗ್ ಪೌಡರ್ ಎರಡನ್ನೂ ಸೇರಿಸಬೇಡಿ, ಹೊರಡುವ ಕ್ಲೋರಿನ್ ಅನಿಲ ಶ್ವಾಸಕೋಶ ಸುಡುತ್ತದೆ. ಕಲೆಗೆ ವಿನೆಗರ್ ಸಾಕು.

ಕಡಿಮೆ ನೀರು, ದೊಡ್ಡ ರಕ್ಷಣೆ

ಮರದ ನೆಲಕ್ಕೆ ಎಲ್ಲಕ್ಕಿಂತ ಒಳ್ಳೆಯ ರಕ್ಷಣೆ ಅಂಗಡಿಯಲ್ಲಿ ಸಿಗುವುದಿಲ್ಲ. ಪ್ರವಾದಿ(ಸ)ರವರು ಒಂದು ಮುದ್ದ್ ನೀರಿನಲ್ಲಿ ವುಝೂ, ಒಂದು ಸಾಅ್‌ನಿಂದ ಐದು ಮುದ್ದ್‌ವರೆಗಿನ ನೀರಿನಲ್ಲಿ ಗುಸ್ಲ್ ಮಾಡುತ್ತಿದ್ದರೆಂದು ಹದೀಸ್‌ಗಳಲ್ಲಿದೆ. ಇಂದಿನ ಅಳತೆಯಲ್ಲಿ ಸ್ನಾನಕ್ಕೆ ಕೆಲವೇ ಲೀಟರ್. ಸಾಮಾನ್ಯ ಶವರ್ ನಿಮಿಷಕ್ಕೆ ಎಂಟು ಹತ್ತು ಲೀಟರ್ ಸುರಿಸುತ್ತದೆ, ಐದು ನಿಮಿಷಕ್ಕೆ 40–50 ಲೀಟರ್. ಟ್ರೇ ಹಾಕಿದ ಮಾತ್ರಕ್ಕೆ ಶವರ್ ಹಾಕಲೇಬೇಕೆಂದಿಲ್ಲ. ಟ್ರೇಯಲ್ಲಿ ಕುಳಿತು ಒಂದು ಬಕೆಟ್, ಒಂದು ಮಗ್‌ನಲ್ಲಿ ಪೂರ್ತಿ ಪಾಕಿಯಾಗಬಹುದು. ಬೇಸಿಗೆಯಲ್ಲಿ ಟ್ಯಾಂಕರ್ ಕಾಯುವ ನಮಗೆ ಇದನ್ನು ಬೇರೆ ಹೇಳಬೇಕಾಗಿಲ್ಲ.

ಕೆಳಗಿನವರ ಹಕ್ಕು

ಈ ಹಳೆಯ ಮನೆಗಳು ಬಹುಪಾಲು ಅಣ್ಣತಮ್ಮಂದಿರ ಜಂಟಿ ಆಸ್ತಿ. ಮೇಲೆ ಒಬ್ಬರು, ಕೆಳಗೆ ಒಬ್ಬರು. ಜಂತಿ ರಿಪೇರಿಯ ಖರ್ಚು ಯಾರದು ಎಂಬ ಪ್ರಶ್ನೆ ಬಂದಾಗ ಇಬ್ಬರೂ ಸುಮ್ಮನಾಗುತ್ತಾರೆ. ಮೇಲಿನವರು ಹೊಳೆಯುವ ಬಚ್ಚಲು ಮಾಡಿಸಿಕೊಳ್ಳುತ್ತಾರೆ, ಕೆಳಗಿನವರ ಮಕ್ಕಳು ಹಳದಿ ಕಲೆಯ ಸೂರಿನ ಕೆಳಗೆ ಕೆಮ್ಮುತ್ತಾ ಮಲಗುತ್ತಾರೆ. ಚಿಕಿತ್ಸಾಲಯಕ್ಕೆ ಬರುವುದು ಕೆಳಗಿನ ಮಗು. ಕಾಯಿಲೆ ಇರುವುದು ಮೇಲಿನ ಪೈಪಿನಲ್ಲಿ.

ಹಡಗಿನ ದೃಷ್ಟಾಂತವಿರುವ ಹದೀಸ್ ನಮಗೆಲ್ಲ ಗೊತ್ತಿದೆ. ಕೆಳಅಂತಸ್ತಿನವರು ನೀರಿಗಾಗಿ ತಮ್ಮ ಪಾಲಿನ ಜಾಗದಲ್ಲೇ ತೂತು ಕೊರೆಯಲು ಹೊರಡುತ್ತಾರೆ. ಮೇಲಿನವರು ತಡೆಯದಿದ್ದರೆ ಇಬ್ಬರೂ ಮುಳುಗುತ್ತಾರೆ. ನಮ್ಮ ಮನೆಗಳಲ್ಲಿ ತೂತು ಕೊರೆಯುವವರು ಮೇಲಿನವರು, ಅಷ್ಟೇ ವ್ಯತ್ಯಾಸ. ನನ್ನ ಪಾಲಿನ ಕೋಣೆ, ನನ್ನ ಇಷ್ಟ ಎಂಬ ಮಾತು ಒಂದೇ ಜಂತಿಯ ಮೇಲೆ ಬದುಕುವವರ ನಡುವೆ ನಡೆಯುವುದಿಲ್ಲ. ಜಂತಿ ಇಬ್ಬರ ಆಸ್ತಿ, ಆದ್ದರಿಂದ ಅದರ ಖರ್ಚು ಇಬ್ಬರೂ ಹಂಚಿಕೊಳ್ಳಲಿ. ಬಚ್ಚಲಿನ ಖರ್ಚು ಮತ್ತು ಸೋರದಂತೆ ನೋಡಿಕೊಳ್ಳುವ ಹೊಣೆ ಮೇಲಿನವರದು. ವರ್ಷಕ್ಕೆರಡು ಸಲ, ಮಳೆಗಾಲದ ಮುಂಚೆ ಮತ್ತು ನಂತರ, ಕೆಳಗಿನವರು ಟಾರ್ಚ್ ಹಿಡಿದು ಸೂರು ನೋಡಲಿ, ಮೇಲಿನವರು ಅದನ್ನು ಜಗಳವೆಂದು ತಿಳಿಯದಿರಲಿ.

ಜಂತಿ ಗಟ್ಟಿಯಿಲ್ಲ, ಹೊರಗೋಡೆಗೆ ದಾರಿಯಿಲ್ಲ, ಸದ್ಯಕ್ಕೆ ಹಣವೂ ಇಲ್ಲ ಎಂದಾದರೆ ಅರ್ಧ ಕೆಲಸ ಮಾಡಿಸಬೇಡಿ. ಕೆಳಗೆ ಮೆಟ್ಟಿಲಿನ ಬದಿಯಲ್ಲೇ, ಪಡಸಾಲೆ ದಾಟದೆ ಹೋಗುವಂತೆ ಒಂದು ಮರೆಯ ಗುಸಲ್‌ಖಾನೆ ಕಟ್ಟಿಸಿ, ಮೆಟ್ಟಿಲಿಗೊಂದು ಕೈಪಿಡಿ, ಒಂದು ರಾತ್ರಿ ದೀಪ ಹಾಕಿಸಿ. ಸೊಸೆಯ ಮರ್ಯಾದೆಯೂ ಉಳಿಯುತ್ತದೆ, ಮನೆಯ ಸೂರೂ ಉಳಿಯುತ್ತದೆ. ಮುಂದಿನ ಮಳೆಗೆ ಮುಂಚೆ ಒಮ್ಮೆ ತಲೆಯೆತ್ತಿ ನಿಮ್ಮ ಜಂತಿಗಳನ್ನು ನೋಡಿ.